ಮಾಸ್ ನದಿಯ ಮಹಾ ಉಡ

ಉಡವನ್ನು ಕಾಣದ ಹಳ್ಳಿಗರು ನಮ್ಮಲ್ಲಿ ವಿರಳ. ತಮಿಳರು ಅದನ್ನು ಉಡುಂಬು ಎನ್ನುತ್ತಾರೆ, ತೆಲುಗರು ಉಡುಮು ಎನ್ನುತ್ತಾರೆ. ಕಾಸರಗೋಡಿನವರ ಕಿವಿಗೆ ಮಲಯಾಳದ ಉಡುಂಬ್ ಬಿದ್ದೇ ಇರುತ್ತದೆ. ಸೊಲ್ಲಾಪುರದ ಕಡೆಯವರಿಗೆ ಮಾತ್ರ ಮರಾಠಿಯ ಘೋರಪಡ ಎಂಬ ಬೇರೆಯೇ ಹೆಸರು ಪರಿಚಿತ. ಹೆಸರು ಯಾವುದಾದರೇನು, ಹಿಡಿದರೆ ಬಿಡದ ಅದರ ಪಟ್ಟು ಮಾತ್ರ ಎಲ್ಲರಿಗೂ ಗೊತ್ತು. ಈ ಉಡಕ್ಕೆ ದೂರದ ದಾಯಾದಿಯಾದ ಪ್ರಾಣಿಯೊಂದು, ನಮ್ಮೂರುಗಳಿಗೆ ಬರುವ ಬಸ್ಸಿಗಿಂತಲೂ ಉದ್ದವಾಗಿದ್ದು, ಒಂದು ಕಾಲದಲ್ಲಿ ಸಮುದ್ರವನ್ನೇ ಮನೆಮಾಡಿಕೊಂಡಿತ್ತೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಅದರ ಹೆಸರು ಮೋಸಸಾರಸ್. ಮೋಸಾ ಎಂಬುದು ಯುರೋಪಿನ ಒಂದು ನದಿಯ ಲ್ಯಾಟಿನ್ ಹೆಸರು; ಸಾರಸ್ ಎಂದರೆ ಹಲ್ಲಿ. ಕನ್ನಡಿಗರಿಗೆ ಮೊದಲ ಎರಡಕ್ಷರಗಳಲ್ಲಿ ಬೇರೆ ಅರ್ಥ ಕೇಳಿಸಬಹುದು. ಪ್ರಾಣಿಯ ಪಾಲಿಗೆ ಅದು ಅನ್ಯಾಯವೇ ಸರಿ; ಆದರೆ ಅದರ ತಲೆಬುರುಡೆಯ ಚರಿತ್ರೆಗೆ ಆ ಅರ್ಥ ತೀರ ಹೊಂದದೆ ಇಲ್ಲ. ಈ ತಿಂಗಳು ನಾವು ಹೇಳಹೊರಟಿರುವುದು ಹೆಚ್ಚಾಗಿ ಆ ಚರಿತ್ರೆಯನ್ನೇ.

ನೆದರ್ಲೆಂಡ್ಸ್ ದೇಶದ ದಕ್ಷಿಣದ ತುದಿಯಲ್ಲಿ, ಬೆಲ್ಜಿಯಂ ಗಡಿಗೆ ಅಂಟಿಕೊಂಡಂತೆ, ಮಾಸ್ ನದಿಯ ದಂಡೆಯ ಮೇಲೆ ಮಾಸ್ಟ್ರಿಕ್ಟ್ ಎಂಬ ಊರಿದೆ. ಜರ್ಮನಿಯ ಗಡಿಯೂ ಅಲ್ಲಿಂದ ದೂರವಿಲ್ಲ. 18ನೆಯ ಶತಮಾನದಲ್ಲಿ ಆ ಊರಿಗೆ ಇಬ್ಬರು ಒಡೆಯರಿದ್ದರು: ಒಂದು ಕಡೆ ಡಚ್ ಗಣರಾಜ್ಯ, ಇನ್ನೊಂದು ಕಡೆ ಲಿಯೇಜಿನ ಬಿಷಪ್ ಪ್ರಭು. ಬಳಿಕ ಅದು ಫ್ರೆಂಚರದಾಯಿತು, ಮತ್ತೆ ಡಚ್ಚರದಾಯಿತು. 1830ರಲ್ಲಿ ಬೆಲ್ಜಿಯಂ ಬೇರೆಯಾದಾಗ ಸುತ್ತಲ ಸೀಮೆಯೆಲ್ಲ ಬೆಲ್ಜಿಯನ್ನರ ಕೈಸೇರಿ, ಊರೊಂದೇ ಡಚ್ಚರ ಬಳಿ ಉಳಿಯಿತು. 1839ರ ಒಪ್ಪಂದ ಗೆರೆ ಎಳೆದಾಗ ಲಿಂಬುರ್ಗ್ ಎಂಬ ಒಂದೇ ಪ್ರಾಂತ ಎರಡು ಹೋಳಾಗಿ ಎರಡು ದೇಶಗಳಿಗೆ ಹಂಚಿಹೋಯಿತು. ಗಡಿ ಎಂದರೇನೆಂದು ಆ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಊರಿನ ದಕ್ಷಿಣಕ್ಕೆ ಸಂತ ಪೀಟರನ ಹೆಸರಿನ ಗುಡ್ಡವೊಂದುಂಟು. ಗುಡ್ಡವೆಲ್ಲ ಗರಗಸದಿಂದ ಕೊಯ್ಯಬಹುದಾದಷ್ಟು ಮೆದುವಾದ ಸುಣ್ಣಕಲ್ಲು. ಶತಮಾನಗಳ ಕಾಲ ಜನ ಅದನ್ನು ಇಟ್ಟಿಗೆಯಂತೆ ಕೊಯ್ದು ಮನೆ ಕಟ್ಟಿಕೊಂಡದ್ದರಿಂದ ಗುಡ್ಡದ ಹೊಟ್ಟೆಯೊಳಗೆ ಮೈಲಿಗಟ್ಟಲೆ ಸುರಂಗಗಳು ಉಂಟಾಗಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡಚ್ ಸರ್ಕಾರದವರು ರೆಂಬ್ರಾಂಟನ ಜಗತ್ಪ್ರಸಿದ್ಧ ಚಿತ್ರ ‘ರಾತ್ರಿಯ ಪಹರೆ’ಯನ್ನು ಸುರುಳಿ ಸುತ್ತಿ ಇಲ್ಲಿಯೇ ಬಚ್ಚಿಟ್ಟು ಕಾಪಾಡಿದರು. ಸುಣ್ಣಕಲ್ಲೆಂದ ಮೇಲೆ ಅದು ಹಿಂದೊಮ್ಮೆ ಸಮುದ್ರದ ತಳವಾಗಿತ್ತೆಂದೇ ಅರ್ಥ. ಕಲ್ಲು ಕೊಯ್ಯುವವರಿಗೆ ಚಿಪ್ಪು, ಶಂಖ, ಆಮೆಯ ಬೆನ್ನು ಮೊದಲಾದ ಪಳೆಯುಳಿಕೆಗಳು ಸಿಗುವುದು ವಾಡಿಕೆಯಾಗಿತ್ತು.

1760ರ ದಶಕದಲ್ಲಿ ಅಲ್ಲಿ ದೊಡ್ಡ ಹಲ್ಲುಗಳಿದ್ದ ಒಂದು ತಲೆಬುರುಡೆಯ ಭಾಗ ದೊರೆಯಿತು. ಡ್ರೂಯಾಂ ಎಂಬ ಸೇನಾಧಿಕಾರಿಯ ಸಂಗ್ರಹದಲ್ಲಿದ್ದ ಅದನ್ನು 1784ರಲ್ಲಿ ಹಾರ್ಲೆಮ್ ನಗರದ ಟೇಲರ್ಸ್ ಮ್ಯೂಸಿಯಂ ಕೊಂಡುಕೊಂಡಿತು. ಇಂದಿಗೂ ಅದು ಅಲ್ಲಿಯೇ ಇದೆ. ಕೊಳ್ಳುವವರು ಕೊಂಡರು, ಮಾರುವವರು ಮಾರಿದರು, ತಂಟೆಯಿಲ್ಲ. ತಂಟೆಯೆಲ್ಲ ಎರಡನೆಯ ತಲೆಬುರುಡೆಯದು. ಅದು ಸಿಕ್ಕಿದ್ದು 1780ರ ಸುಮಾರಿಗೆ. ಒಂದು ಮೀಟರಿಗೂ ಉದ್ದನೆಯ ದವಡೆಗಳು, ಸಾಲಾಗಿ ನಿಂತ ಮೊಳೆಯಂಥ ಹಲ್ಲುಗಳು. ನೋಡಿದವರು ಬೆರಗಾದರು.

ಇದರ ಬಗ್ಗೆ ಎರಡು ಶತಮಾನಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ಇಳಿದುಬಂದ ಕಥೆ ಹೀಗಿದೆ. ಹೋಫ್‌ಮನ್ ಎಂಬ ಸೇನೆಯ ಶಸ್ತ್ರವೈದ್ಯನಿಗೆ ಪಳೆಯುಳಿಕೆಗಳ ಹುಚ್ಚು. ಗಣಿಯ ಕೂಲಿಗಳು ಸುದ್ದಿ ತಂದೊಡನೆ ಅವನು ಧಾವಿಸಿ, ಕೈಯಿಂದ ಹಣ ಚೆಲ್ಲಿ, ಕಲ್ಲುಬಂಡೆಯ ಸಮೇತ ಆ ತಲೆಯನ್ನು ಹೊರತೆಗೆಸಿದ. ಆದರೆ ಮೇಲಿನ ಹೊಲದ ಒಡೆಯ ಗೊಡ್ಡಿಂಗ್ ಎಂಬ ಚರ್ಚಿನ ಅಧಿಕಾರಿ. ಅವನು ನೆಲ ತನ್ನದೆಂದು ನ್ಯಾಯಾಲಯಕ್ಕೆ ಹೋಗಿ, ಬಡ ವೈದ್ಯನಿಂದ ಅದನ್ನು ಕಿತ್ತುಕೊಂಡು ತನ್ನ ಮನೆಯಲ್ಲಿ ಗಾಜಿನ ಮಂದಸಿನಲ್ಲಿ ಮೆರೆಸಿದ. ದೇವರು ಕಣ್ಣು ಬಿಟ್ಟ. 1794ರಲ್ಲಿ ಕ್ರಾಂತಿಯ ಫ್ರೆಂಚ್ ಸೇನೆ ಊರನ್ನು ಮುತ್ತಿತು. ಗೊಡ್ಡಿಂಗನ ಮನೆಯತ್ತ ಗುಂಡು ಹಾರಿಸಬಾರದೆಂದು ಫಿರಂಗಿಯವರಿಗೆ ಅಪ್ಪಣೆಯಾಯಿತು. ಮೋಸಗಾರ ಗೊಡ್ಡಿಂಗ್ ಹಿಂದಿನ ರಾತ್ರಿಯೇ ತಲೆಬುರುಡೆಯನ್ನು ಬಚ್ಚಿಟ್ಟಿದ್ದ. ಫ್ರೆಂಚ್ ಸರ್ಕಾರದ ಪ್ರತಿನಿಧಿ ಫ್ರೆಸೀನ್, ಹುಡುಕಿ ತಂದವರಿಗೆ ಆರುನೂರು ಸೀಸೆ ದ್ರಾಕ್ಷಾರಸ ಎಂದು ಸಾರಿಸಿದ. ಮರುದಿನ ಬೆಳಗಾಗುವಷ್ಟರಲ್ಲಿ ಹನ್ನೆರಡು ಮಂದಿ ಸಿಪಾಯಿಗಳು ಅದನ್ನು ಹೆಗಲ ಮೇಲೆ ಹೊತ್ತು ತಂದರು. ಲೋಭಿಯಿಂದ ಪಾರಾದ ತಲೆಬುರುಡೆ ಪ್ಯಾರಿಸ್ಸಿಗೆ ಹೋಗಿ ವಿಜ್ಞಾನದ ಸೊತ್ತಾಯಿತು.

ಕಥೆ ಚೆನ್ನಾಗಿದೆ. ನಾಟಕದ ಕಂಪನಿಯವರಿಗೆ ಕೊಟ್ಟರೆ ಮೂರು ರಾತ್ರಿ ಆಡಿಯಾರು. ಆದರೆ ಇದನ್ನು ಬರೆದವರು ಯಾರೆಂದು ಕೇಳಬೇಕು. ಬರೆದವನು ಫೋಜಾ ಡ ಸೇಂಟ್ ಫಾಂ ಎಂಬ ಫ್ರೆಂಚ್ ಭೂವಿಜ್ಞಾನಿ. ಗುಡ್ಡದ ಬಗ್ಗೆ 1799ರಲ್ಲಿ ಪ್ರಕಟವಾಗತೊಡಗಿದ ತನ್ನ ಭಾರೀ ಗ್ರಂಥದಲ್ಲಿ ಬರೆದ. ಕೂಲಿಗಳು ಪಂಜಿನ ಬೆಳಕಿನಲ್ಲಿ ತಲೆಬುರುಡೆಯನ್ನು ಹೊರಗೆಳೆಯುವ ಚಿತ್ರವೂ ಅದರಲ್ಲಿದೆ. ಗೆದ್ದ ಸರ್ಕಾರದ ಪರವಾಗಿ ಅಲ್ಲಿಗೆ ಬಂದವನು ಅವನು. ಬಂದದ್ದು 1795ರ ಜನವರಿಯಲ್ಲಿ. ಅಷ್ಟು ಹೊತ್ತಿಗಾಗಲೇ ಊರು ಬಿದ್ದು, ತಲೆಬುರುಡೆ ಪ್ಯಾರಿಸ್ಸಿನ ದಾರಿ ಹಿಡಿದಾಗಿತ್ತು. ಕಣ್ಣಾರೆ ಕಂಡದ್ದೇನೂ ಇಲ್ಲ. 1990ರ ದಶಕದಲ್ಲಿ ಡಚ್ ಇತಿಹಾಸಕಾರರು ಹಳೆಯ ಕಾಗದಪತ್ರಗಳನ್ನು ಕೆದಕಿ ನೋಡಿದಾಗ ಹೋಫ್‌ಮನ್ ಆ ತಲೆಬುರುಡೆಯ ಒಡೆಯನಾಗಿದ್ದನೆಂಬುದಕ್ಕೆ ಆಧಾರ ಸಿಕ್ಕಲಿಲ್ಲ. ಅವನಿಗೂ ಗೊಡ್ಡಿಂಗನಿಗೂ ವ್ಯಾಜ್ಯ ನಡೆದ ಗುರುತೂ ಇರಲಿಲ್ಲ. ಅದು ಮೊದಲಿನಿಂದಲೂ ಗೊಡ್ಡಿಂಗನದೇ ಆಗಿತ್ತು.

ಹಾಗಾದರೆ ಕಥೆ ಏಕೆ ಹುಟ್ಟಿತು? ನಮಗೆ ತೋರುವುದು ಇಷ್ಟು. ಸೈನ್ಯದ ಬಲದಿಂದ ಒಬ್ಬನ ವಸ್ತುವನ್ನು ಒಯ್ದವರಿಗೆ, ಆ ವಸ್ತು ಅವನಲ್ಲಿಯೂ ಕಳವಿನದೇ ಆಗಿತ್ತೆಂದು ಹೇಳಿಬಿಟ್ಟರೆ ಮನಸ್ಸು ಹಗುರವಾಗುತ್ತದೆ. ಕಳ್ಳನಿಂದ ಕಿತ್ತುಕೊಂಡವನು ಕಳ್ಳನಲ್ಲವಷ್ಟೆ. ಗೊಡ್ಡಿಂಗನಿಗೆ ಪ್ರತಿಯಾಗಿ ಬರೆಯಲು ಪುಸ್ತಕವೂ ಇರಲಿಲ್ಲ, ಮುದ್ರಣಾಲಯವೂ ಇರಲಿಲ್ಲ. ಆದ್ದರಿಂದ ಇನ್ನೂರು ವರ್ಷ ಅವನು ಮೋಸಗಾರನಾಗಿಯೇ ಉಳಿದ. ಇಂದಿಗೂ ಮಕ್ಕಳ ಪುಸ್ತಕಗಳಲ್ಲಿ ಆರುನೂರು ಸೀಸೆಗಳ ಕಥೆಯನ್ನು ಸತ್ಯವೆಂಬಂತೆ ಅಚ್ಚುಹಾಕುವವರಿದ್ದಾರೆ.

ಇನ್ನು ಆ ಪ್ರಾಣಿ ಯಾವುದೆಂಬ ವಿಷಯ. ಹೋಫ್‌ಮನ್ ಅದನ್ನು ಮೊಸಳೆಯೆಂದು ತಿಳಿದಿದ್ದ. ಪೇತ್ರುಸ್ ಕಾಂಪರ್ ಎಂಬ ಪ್ರಖ್ಯಾತ ಡಚ್ ಅಂಗರಚನಾಶಾಸ್ತ್ರಜ್ಞ, ಹೋಫ್‌ಮನ್ ತೀರಿಕೊಂಡ 1782ರಲ್ಲಿ ಮಾಸ್ಟ್ರಿಕ್ಟಿಗೆ ಬಂದು ಎಲುಬುಗಳನ್ನು ಸಂಗ್ರಹಿಸಿ, ಇದು ಹಲ್ಲುಳ್ಳ ತಿಮಿಂಗಿಲವೆಂದು 1786ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಫೋಜಾ ಮತ್ತೆ ಮೊಸಳೆಯೆಂದೇ ಹಟ ಹಿಡಿದ. ಕಾಂಪರನ ಮಗ ಆಡ್ರಿಯಾನ್ ಖಿಲ್ಲೆಸ್ ಕಾಂಪರ್, ತೀರಿಹೋದ ತಂದೆಯ ಮಾತನ್ನು ಸಮರ್ಥಿಸಬೇಕೆಂದೇ ಎಲುಬುಗಳನ್ನು ಕೈಗೆತ್ತಿಕೊಂಡ. ನೋಡುತ್ತ ಹೋದಂತೆ ತಂದೆಯ ಮಾತು ನಿಲ್ಲುವುದಿಲ್ಲವೆಂದು ಅವನಿಗೆ ತಿಳಿಯಿತು. ಇದು ತಿಮಿಂಗಿಲವೂ ಅಲ್ಲ, ಮೊಸಳೆಯೂ ಅಲ್ಲ. ಉಡದ ಜಾತಿಗೆ ಸಮೀಪವಾದ ದೈತ್ಯ ಹಲ್ಲಿ ಎಂದು 1799ರಲ್ಲಿ ಪ್ಯಾರಿಸ್ಸಿನ ಕುವ್ಯೇಗೆ ತಿಳಿಸಿದ. ಪಿತೃಭಕ್ತಿಯಿಂದ ಹೊರಟು ಸತ್ಯದ ಬಳಿಗೆ ಬಂದು ನಿಂತ ಈ ಮಗನನ್ನು ನಾವು ಈ ಕಥೆಯ ಎಲ್ಲರಿಗಿಂತ ಹೆಚ್ಚು ಮೆಚ್ಚುತ್ತೇವೆ. ತಲೆಬುರುಡೆ ಪ್ಯಾರಿಸ್ಸಿನಲ್ಲಿತ್ತು, ಫೋಜಾನೂ ಪ್ಯಾರಿಸ್ಸಿನಲ್ಲಿದ್ದ. ಪ್ರಾಣಿಯ ಗುರುತು ಹಿಡಿದವನು ಮಾತ್ರ ಡಚ್ಚರವನು.

ಕುವ್ಯೇ 1808ರಲ್ಲಿ ಅದನ್ನು ಸ್ಥಿರಪಡಿಸಿದ. ಆಗಿನ ಕಾಲಕ್ಕೆ ಇದು ಸಣ್ಣ ಮಾತಲ್ಲ. ಭೂಮಿಯ ಮೇಲೆ ಒಮ್ಮೆ ಹುಟ್ಟಿದ ಪ್ರಾಣಿಯ ವಂಶ ನಿಶ್ಶೇಷವಾಗಿ ಅಳಿಯಬಹುದೆಂಬುದನ್ನು ಬಹುಮಂದಿ ವಿದ್ವಾಂಸರೂ ಒಪ್ಪುತ್ತಿರಲಿಲ್ಲ. ಎಲ್ಲೋ ದೂರದ ಕಡಲಿನಲ್ಲಿ ಇದ್ದೀತು ಎನ್ನುತ್ತಿದ್ದರು. ಇಷ್ಟು ದೊಡ್ಡ ಹಲ್ಲಿ ಎಲ್ಲಿಯೂ ಕಣ್ಣಿಗೆ ಬೀಳದೆ ಅಡಗಿರಲಾರದೆಂಬುದು ಕುವ್ಯೇಯ ವಾದಕ್ಕೆ ಬಲ ಕೊಟ್ಟಿತು. 1822ರಲ್ಲಿ ಇಂಗ್ಲೆಂಡಿನ ಕಾನಿಬೇರ್ ಮೋಸಸಾರಸ್ ಎಂಬ ಹೆಸರಿಟ್ಟ. 1829ರಲ್ಲಿ ಮ್ಯಾಂಟೆಲ್ ಹೋಫ್‌ಮನ್‌ನ ಹೆಸರನ್ನು ಅದಕ್ಕೆ ಸೇರಿಸಿದ. ತಾನು ಎಂದೂ ಪಡೆಯದ ತಲೆಬುರುಡೆಗೆ ವೈದ್ಯನ ಹೆಸರು ಶಾಶ್ವತವಾಗಿ ಅಂಟಿಕೊಂಡಿತು. ಗೊಡ್ಡಿಂಗನಿಗೆ ಅದೂ ಇಲ್ಲ.

ಪ್ರಾಣಿಯ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಡೈನೊಸಾರ್‌ಗಳ ಕಾಲದ್ದಾದರೂ ಇದು ಡೈನೊಸಾರ್ ಅಲ್ಲ. ನೆಲದ ಹಲ್ಲಿಗಳ ವಂಶದಿಂದ ನೀರಿಗಿಳಿದ ಸರೀಸೃಪ. ಉಡಕ್ಕೆ ಹತ್ತಿರವೋ ಹಾವಿಗೆ ಹತ್ತಿರವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ದೊಡ್ಡ ಪ್ರಭೇದದ ಉದ್ದವನ್ನು ಕೆಲವರು 12 ಮೀಟರ್ ಎಂದರೆ ಕೆಲವರು 17 ಮೀಟರಿನವರೆಗೂ ಏರಿಸುತ್ತಾರೆ. ಕಾಲುಗಳು ಹುಟ್ಟಿನಂತೆ ಅಗಲವಾಗಿ, ಬಾಲದ ತುದಿ ಮೀನಿನ ಬಾಲದಂತೆ ರೆಕ್ಕೆಯಾಗಿ ಮಾರ್ಪಟ್ಟಿದ್ದವು. ಉಸಿರಿಗೆ ಮಾತ್ರ ನೀರಿನ ಮೇಲೆ ಬರಲೇಬೇಕಿತ್ತು. ಮೊಟ್ಟೆಯಿಡಲು ದಡಕ್ಕೆ ಹೋಗುತ್ತಿರಲಿಲ್ಲ. ಈ ಬಳಗದವು ನೀರಿನಲ್ಲಿಯೇ ಮರಿಹಾಕುತ್ತಿದ್ದವೆಂಬುದಕ್ಕೆ ಗರ್ಭದಲ್ಲಿ ಮರಿಗಳಿದ್ದ ಪಳೆಯುಳಿಕೆಯೇ ಸಾಕ್ಷಿ. ಎಲ್ಲಕ್ಕಿಂತ ವಿಚಿತ್ರ ಅದರ ಬಾಯಿ. ಕೆಳದವಡೆಯ ನಡುವೆ ಇನ್ನೊಂದು ಕೀಲಿತ್ತು. ಅಂಗುಳದ ಮೇಲೆಯೂ ಹಿಂದಕ್ಕೆ ಬಾಗಿದ ಹಲ್ಲಿನ ಸಾಲುಗಳಿದ್ದವು. ಹಾವಿನ ಬಾಯಿಯಲ್ಲಿರುವಂತೆ, ಒಳಹೊಕ್ಕ ಬೇಟೆ ಹಿಂದಕ್ಕೆ ಜಾರುವಂತಿರಲಿಲ್ಲ. ಹಲ್ಲು ಸವೆದರೆ ಅದರ ಬುಡದಲ್ಲಿಯೇ ಹೊಸ ಹಲ್ಲು ಮೊಳೆಯುತ್ತಿತ್ತು. ಮನುಷ್ಯರಿಗೆ ಈ ಭಾಗ್ಯ ಒಮ್ಮೆ ಮಾತ್ರ.

ಇಷ್ಟೆಲ್ಲ ಸಾಮರ್ಥ್ಯವಿದ್ದೂ 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಆ ಬಳಗವೇ ಅಳಿಯಿತು. ಮೆಕ್ಸಿಕೋದ ಯುಕಟಾನ್ ಬಳಿ ಅಪ್ಪಳಿಸಿದ ಆಕಾಶಶಿಲೆ ಸುಮಾರು 180 ಕಿಲೋಮೀಟರ್ ಅಗಲದ ಕುಳಿ ತೋಡಿತು. ಎದ್ದ ಧೂಳು ಬಿಸಿಲನ್ನು ಮುಚ್ಚಿತು. ಕಡಲಿನ ಮೇಲಣ ಸೂಕ್ಷ್ಮ ಸಸ್ಯಗಳು ಕುಗ್ಗಿದವು. ಅವುಗಳನ್ನು ನಂಬಿದ ಮೀನು, ಮೀನನ್ನು ನಂಬಿದ ಮೋಸಸಾರಸ್, ಒಂದರ ಹಿಂದೊಂದು ಹೋದವು. ಅದೇ ಕಾಲದಲ್ಲಿ ನಮ್ಮ ದಖ್ಖನಿನಲ್ಲಿ ನೆಲ ಬಿರಿದು ಲಾವಾ ಪದರಪದರವಾಗಿ ಹರಿಯುತ್ತಿತ್ತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳ ಕರಿಗಲ್ಲು ಆ ಲಾವಾ ಆರಿ ಆದದ್ದು. ಜೋಳ ಬೆಳೆಯುವ ಎರೆಮಣ್ಣು ಆ ಕಲ್ಲು ಸವೆದು ಆದದ್ದು. ಅಳಿವಿನಲ್ಲಿ ದಖ್ಖನಿನ ಬೆಂಕಿಯ ಪಾಲು ಎಷ್ಟೆಂಬುದರಲ್ಲಿ ವಿಜ್ಞಾನಿಗಳಿಗೆ ಭಿನ್ನಾಭಿಪ್ರಾಯ ಉಂಟು. ಆದರೆ ಮೋಸಸಾರಸ್ ಕಡಲಿನಲ್ಲಿ ಈಜುತ್ತಿದ್ದಾಗ ಆ ಕಲ್ಲು ಇನ್ನೂ ಕುದಿಯುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ. ಆ ಕಡೆಯ ವಾಚಕರು ಮನೆಯ ಕಲ್ಲುಮೆಟ್ಟಿಲನ್ನು ಇನ್ನು ಮೇಲೆ ಸ್ವಲ್ಪ ಗೌರವದಿಂದ ತುಳಿಯಬಹುದು.

ಮಾಸ್ಟ್ರಿಕ್ಟಿಗೆ ಮರಳೋಣ. ನೆಪೋಲಿಯನ್ ಸೋತ 1815ರಲ್ಲಿ ಫ್ರೆಂಚರು ಹೊತ್ತೊಯ್ದಿದ್ದ ಎಷ್ಟೋ ಚಿತ್ರಗಳೂ ಶಿಲ್ಪಗಳೂ ತಮ್ಮ ತಮ್ಮ ಊರು ಸೇರಿದವು. ತಲೆಬುರುಡೆ ಬರಲಿಲ್ಲ. ಆದರೆ ಒಯ್ಯಲಾಗದ್ದು ಒಂದಿತ್ತು. 1849ರಲ್ಲಿ ಬೆಲ್ಜಿಯಂನ ಭೂವಿಜ್ಞಾನಿ ದ್ಯುಮೊಂ ಆ ಗುಡ್ಡದ ಪದರಗಳ ಕಾಲಕ್ಕೆ ಊರಿನ ಹೆಸರನ್ನೇ ಇಟ್ಟ. 7 ಕೋಟಿ 20 ಲಕ್ಷ ವರ್ಷಗಳ ಹಿಂದಿನಿಂದ ಆ ಮಹಾ ಅಳಿವಿನವರೆಗಿನ ಅವಧಿಯನ್ನು ಜಗತ್ತಿನ ಯಾವ ಮೂಲೆಯ ವಿಜ್ಞಾನಿಯಾದರೂ, ಪ್ಯಾರಿಸ್ಸಿನವರೂ ಸಹ, ಮಾಸ್ಟ್ರಿಕ್ಟಿಯನ್ ಎಂದೇ ಕರೆಯಬೇಕು.

ಗುಡ್ಡವೂ ಕೊಡುವುದನ್ನು ನಿಲ್ಲಿಸಲಿಲ್ಲ. ಅಲ್ಲಿನ ಸಿಮೆಂಟ್ ಕಾರ್ಖಾನೆಯ ಗಣಿಯಲ್ಲಿ 1998ರಲ್ಲಿ ಇದೇ ಬಳಗದ ಬೇರೊಂದು ಕುಲದ ಅಸ್ಥಿಪಂಜರ ದೊರೆಯಿತು. ಊರಿನವರು ಅದಕ್ಕೆ ಬೇರ್ ಎಂದು ಮುದ್ದಿನ ಹೆಸರಿಟ್ಟು ತಮ್ಮ ಮ್ಯೂಸಿಯಂನಲ್ಲಿಯೇ ಇರಿಸಿಕೊಂಡಿದ್ದಾರೆ. 2012ರಲ್ಲಿ ಅಗೆಯುವ ಯಂತ್ರದ ಚಾಲಕನೊಬ್ಬನ ಕಣ್ಣಿಗೆ ಇನ್ನೊಂದು ಬಿತ್ತು. 2018ರಲ್ಲಿ ಗಣಿ ಕೆಲಸ ನಿಂತಿತು. ಹಳೆಯ ತಲೆಬುರುಡೆ 2009ರಲ್ಲಿ, ಡಾರ್ವಿನ್ ಹುಟ್ಟಿ ಇನ್ನೂರು ವರ್ಷವಾದ ಸಂದರ್ಭದ ಪ್ರದರ್ಶನಕ್ಕೆಂದು, ಎರವಲಾಗಿ ಮಾಸ್ಟ್ರಿಕ್ಟಿಗೆ ಬಂದಿತ್ತು. ಹುಟ್ಟಿದೂರಿಗೆ ಅತಿಥಿಯಾಗಿ ಬಂದ ಅದನ್ನು ಪ್ರದರ್ಶನ ಮುಗಿದ ಬಳಿಕ ಮತ್ತೆ ಪ್ಯಾರಿಸ್ಸಿಗೆ ಕಳುಹಿಸಲಾಯಿತು.