ಕಾಯಿಲೆ ಮಂಗನದಲ್ಲ

ಹೆಸರಿಡುವ ಅಧಿಕಾರ ಯಾರ ಕೈಲಿರುತ್ತೋ ತಪ್ಪು ಹೊರಿಸುವ ಅಧಿಕಾರವೂ ಅವರ ಕೈಲೇ ಇರುತ್ತೆ. ನಮ್ಮ ಕೇರಿಗಳಿಗೆ, ನಮ್ಮ ಅಜ್ಜಂದಿರಿಗೆ ಹೆಸರಿಟ್ಟವರು ಯಾರು ಅಂತ ಗೊತ್ತಿರುವ ಗೆಳೆಯರಿಗೆ 'ಮಂಗನ ಕಾಯಿಲೆ' ಅನ್ನುವ ಹೆಸರಿನ ಮೋಸವೂ ಗೊತ್ತಾಗಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಯ ಜನಕ್ಕೆ ಸುಡುಜ್ವರ, ತಲೆ ಸಿಡಿತ, ಮೈಕೈ ನೋವು. ಕೆಲವರಿಗೆ ಮೂಗಿನಲ್ಲಿ, ಒಸಡಿನಲ್ಲಿ ರಕ್ತ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದ ವಿಜ್ಞಾನಿಗಳು ಹಳದಿ ಜ್ವರವೇನೋ ಅಂತ ಮೊದಲು ಶಂಕಿಸಿದರು. ಅಲ್ಲ, ಅದುವರೆಗೆ ಯಾರೂ ಗುರುತಿಸದ ವೈರಸ್ಸು. ಪುಸ್ತಕಕ್ಕೆ ಕಾಡಿನ ಹೆಸರು ಹೋಯಿತು, ಜನರ ಬಾಯಿಗೆ ಮಂಗನ ಹೆಸರು. ಕಾಡು ಕಡಿಸಿದವರ ಹೆಸರು ಎಲ್ಲಿಗೂ ಹೋಗಲಿಲ್ಲ.

ಹೊಸ ರೋಗ ಅಂದರೆ ಆಕಾಶದಿಂದ ಉದುರಿದ್ದಲ್ಲ. ಕಾಡಿನ ಇಲಿ, ಮೂಗಿಲಿ, ಉಣುಗುಗಳ ನಡುವೆ ಈ ವೈರಸ್ಸು ತನ್ನ ಪಾಡಿಗೆ ತಾನು ಸುತ್ತುತ್ತದೆ. ಉಣುಗಿನ ಬದುಕನ್ನು ಸ್ವಲ್ಪ ನೋಡಿ, ರಾಜಕೀಯ ಅಲ್ಲೇ ಇದೆ. ಅದು ಮೂರು ಸಲ ರಕ್ತ ಕುಡಿಯುತ್ತೆ. ಮೊಟ್ಟೆಯೊಡೆದ ಮರಿಯಾಗಿ ಒಮ್ಮೆ, ಪೊರೆ ಬಿಟ್ಟ ಎಳೆಯದಾಗಿ ಇನ್ನೊಮ್ಮೆ, ಬಲಿತ ಮೇಲೆ ಕೊನೆಯ ಸಲ. ಚಿಕ್ಕವು ಇಲಿಯನ್ನೋ ಹಕ್ಕಿಯನ್ನೋ ಮಂಗನನ್ನೋ ಹಿಡಿಯುತ್ತವೆ. ಮನುಷ್ಯನಿಗೆ ರೋಗ ಹತ್ತಿಸುವುದು ಹೆಚ್ಚಾಗಿ ಆ ಎಳೆಯದು. ಬಲಿತದ್ದಕ್ಕೆ ದೊಡ್ಡ ಮೈ ಬೇಕು. ದಟ್ಟ ಕಾಡಿನಲ್ಲಿ ಕಾಟಿ, ಕಡವೆ ಸಿಗಬೇಕು. ಕಾಡು ಸೀಳಿ ಗದ್ದೆ-ತೋಟ ಮಾಡಿ ಅಂಚಿಗೆ ದನ ಬಿಟ್ಟರೆ ಉಣುಗಿಗೆ ದಿನವೂ ಹಬ್ಬ. ದನದ ರಕ್ತ ಕುಡಿದು ಕೆಳಗೆ ಬಿದ್ದ ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ದನಕ್ಕೆ ರೋಗ ಬರಲ್ಲ, ಅದು ಉಣುಗನ್ನು ಸಾಕುತ್ತೆ ಅಷ್ಟೆ. ವೈರಸ್ಸು ಉಕ್ಕುವುದು ಮಂಗನ ರಕ್ತದಲ್ಲಿ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದ ಉಣುಗುಗಳು ಇಳಿದು ದರಗಿನೊಳಗೆ ಮುಂದಿನ ರಕ್ತಕ್ಕೆ ಕಾಯುತ್ತವೆ. ಕಾಡಿನ ಕಡಿತ, ದನ, ಉಣುಗು ಇವುಗಳ ಈ ನಂಟನ್ನು ಬೊಶೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದಿಟ್ಟಿದ್ದಾನೆ. ಯಾರು ಓದಿದರೋ!

ಈಗ ಹೇಳಿ, ದರಗಿಗೆ ಕಾಲಿಡುವವರು ಯಾರು? ಮಳೆ ಮುಗಿದು ಎಲೆ ಉದುರುವ ಕಾಲವೇ ಎಳೆ ಉಣುಗಿನ ಕಾಲ. ಡಿಸೆಂಬರಿನಿಂದ ಮೇವರೆಗೆ ಕಾಯಿಲೆಯ ಹಾವಳಿ. ಆಗಲೇ ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ದರಗು ಬೇಕು. ಸೊಪ್ಪಿನಬೆಟ್ಟದ ಹಕ್ಕು ತೋಟದ ಯಜಮಾನರದು. ಮುಳ್ಳು, ಹಾವು, ಉಣುಗುಗಳ ಹಕ್ಕು ಕೂಲಿಯವರದು. ನಮ್ಮವ್ವ ದರಗು ಹೊತ್ತು ಬಂದ ಸಂಜೆ ಅವಳ ಕುತ್ತಿಗೆ, ಬೆನ್ನಿನ ಉಣುಗು ಹೆಕ್ಕುವುದು ನನ್ನ ಕೆಲಸ. ಡಿಗ್ರಿ ಮಾಡಿದ ಮೇಲೂ ಹೆಕ್ಕಿದ್ದೇನೆ. ಪಾಠದಲ್ಲಿ ಅದಕ್ಕೆ ಹೆಸರಿತ್ತು, ಹಿಮಾಫೈಸಾಲಿಸ್ ಸ್ಪಿನಿಗೆರಾ. ಅವ್ವನ ಹೆಸರು ಯಾವ ಪಾಠದಲ್ಲೂ ಇರಲಿಲ್ಲ.

ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಆದರೂ ಜ್ವರದ ಮನೆಯಿಂದ ಬಂದವಳಿಗೆ ಅಂಗಳ ತುಳೀಬೇಡ ಅನ್ನುತ್ತಾರೆ. ಮುಟ್ಟದೆ ಇರೋದಕ್ಕೆ ಅವರಿಗೆ ಇನ್ನೊಂದು ಕಾರಣ ಬೇಕಿತ್ತು, ಸಿಕ್ಕಿತು.

ಆಳುವವರು ಏನು ಕೊಟ್ಟರು? ಮೈಗೆ ಹಚ್ಚಲು ಡಿಎಂಪಿ ಎಣ್ಣೆಯ ಬಾಟಲಿ, ಜೊತೆಗೆ 'ಕಾಡಿಗೆ ಹೋಗಬೇಡಿ' ಅನ್ನುವ ಬುದ್ಧಿಮಾತು. ಹೋಗದಿದ್ದ ದಿನದ ಕೂಲಿ ಯಾರು ಕೊಡ್ತಾರೆ ಸ್ವಾಮಿ? ಲಸಿಕೆ ಊರು ತಲುಪುವ ಹೊತ್ತಿಗೆ 1990 ಬಂತು. ಮತ್ತೆ ಮತ್ತೆ ಚುಚ್ಚಿಸಿಕೊಂಡರೂ ಪೂರ್ತಿ ನಂಬುವಂಥದ್ದಲ್ಲ. 2022ರಲ್ಲಿ ಅದನ್ನೂ ನಿಲ್ಲಿಸಿದರು. ನಡುವೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಹೆಣ ಹೊತ್ತಿತು. ಪಟ್ಟಣದ ಬಂಗಲೆಗಳಿಗೆ ಬರುವ ಜ್ವರವಾಗಿದ್ದರೆ ಒಳ್ಳೆ ಲಸಿಕೆಗೆ ಇಷ್ಟು ವರ್ಷ ಬೇಕಿತ್ತಾ?

ಬೆಳ್ತಂಗಡಿಯ ಕಥೆ ಇನ್ನೂ ಬೆತ್ತಲೆ. 1982ರ ಕೊನೆಯಲ್ಲಿ ನಿಡ್ಲೆಯ ಕಾಡನ್ನು ಗೇರು ನೆಡಲು ಕಡಿಸಿದರು. ಕೊಡಲಿ ಹಿಡಿದವರು ಭೂಮಿಯಿಲ್ಲದ ಕೂಲಿಗಳು. ಮಂಗ ಸತ್ತವು, ಆಮೇಲೆ ಕೂಲಿಗಳು. ಆ ತಾಲ್ಲೂಕಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಮಲಗಿದರು, ನೂರಕ್ಕೂ ಹೆಚ್ಚು ಜನ ಏಳಲಿಲ್ಲ. ದೈವ ಮುನಿದಿದೆ ಅಂದರು. ಎಂಥ ದೈವ ಇದು? ಕಡಿಯಲು ರುಜು ಹಾಕಿದವರ ಮನೆ ದಾರಿ ಅದಕ್ಕೆ ಗೊತ್ತಿರಲಿಲ್ಲವಾ? ಕೂಲಿಯವನ ಗುಡಿಸಲೊಂದೇ ಗೊತ್ತಿತ್ತಾ? ಮಾರ್ಕ್ ನಿಖ್ಟರ್ ಎಂಬ ಮಾನವಶಾಸ್ತ್ರಜ್ಞ 1987ರಲ್ಲಿ ಇದನ್ನು 'ಅಭಿವೃದ್ಧಿಯ ರೋಗ' ಅಂತ ಕರೆದ. ಹೊರಗಿನಿಂದ ಬಂದವನಿಗೆ ಕಂಡದ್ದು ನಮ್ಮ ವಿಧಾನಸೌಧಕ್ಕೆ ಕಾಣಲಿಲ್ಲ. 2015-16ರ ಹೊತ್ತಿಗೆ ಗೋವಾದ ಸತ್ತರಿಯಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಅದೇ ಜ್ವರ. ಅಲ್ಲೂ ಗೇರು ಬೆಳೆಯುವ ಸೀಮೆ, ಅಲ್ಲೂ ದುಡಿಯುವವರ ಮೈ.

ಇಷ್ಟು ಹೇಳಿದರೆ ಪರಿಸರ ಪಂಡಿತರು ಎದ್ದು ನಿಲ್ತಾರೆ: ಹಾಗಾದರೆ ಜನರನ್ನೇ ಕಾಡಿನಿಂದ ಎಬ್ಬಿಸಿ ಅಂತ. ಹೊಟ್ಟೆಗಿಲ್ಲದ ನಮ್ಮವರೂ ಅಂಚು ಕಡಿದು ಬಗರ್‌ಹುಕುಂ ಮಾಡಿದ್ದಾರೆ, ಮುಚ್ಚಿಡಲ್ಲ. ಊರ ನಡುವಿನ ನೀರಾವರಿ ಭೂಮಿಯನ್ನು ಬಿಗಿಹಿಡಿದು ಅವರನ್ನು ಉಣುಗಿನ ಬಾಯಿಗೆ ತಳ್ಳಿದವರು ಯಾರು? ಅವರನ್ನು ಮೊದಲು ಎಬ್ಬಿಸಿ ನೋಡೋಣ.

ಮಾಸ್ತರುಗಳೇ, ಹುಡುಗರೇ, ಒಂದು ಕೆಲಸ ಮಾಡಿ. ಮಂಗ ಸತ್ತರೆ ಇಲಾಖೆ ಜಾಗ, ತಾರೀಖು ಬರೆದುಕೊಳ್ಳುತ್ತೆ, ಸುತ್ತ ಪುಡಿ ಚೆಲ್ಲುತ್ತೆ. ಮನುಷ್ಯರು ಮಲಗಿದಾಗ ಯಾರ ತೋಟದ ಕೂಲಿಗೆ ಹೋಗಿದ್ದರು, ಎಷ್ಟು ಕೂಲಿಗೆ, ಎಷ್ಟು ದಿನದ ದುಡಿಮೆ ಹೋಯಿತು, ಇದನ್ನು ಊರೂರಲ್ಲಿ ನಾವೇ ಬರೆಯೋಣ. ದುಡಿಯುವಾಗ ಕೈ ಮುರಿದರೆ ಪರಿಹಾರ ಕೇಳುವ ಹಾಗೆ ಇದಕ್ಕೂ ಕೇಳೋಣ. ದರಗಿನ ಕಾಲ ಹತ್ತಿರ ಬಂತು, ಪಟ್ಟಿ ಈಗಲೇ ಶುರುವಾಗಲಿ.