ಎಲೆ ಮಾರಿದವನ ಕೆರೆ, ನಿವೇಶನ ಮಾರುವವರ ಊರು

ಸ್ಯಾಂಕಿ ಕೆರೆಯ ದಂಡೆಯ ಮೇಲೆ ಬೆಳಗಿನ ಗಾಳಿಸೇವನೆಗೆ ಬರುವ ಮಹನೀಯರನ್ನು ಕೇಳಿ ನೋಡಿ: ಈ ಕೆರೆಗೆ ಈ ಹೆಸರೇಕೆ? ಹತ್ತರಲ್ಲಿ ಆರು ಮಂದಿಯಾದರೂ ಕರ್ನಲ್ ಸ್ಯಾಂಕಿಯ ಹೆಸರನ್ನೂ 1882ನೆಯ ಇಸವಿಯನ್ನೂ ಹೇಳಿಯಾರು. ಎಲೆ ಮಲ್ಲಪ್ಪ ಶೆಟ್ಟರು ಯಾರೆಂದು ಅವರನ್ನೇ ಕೇಳಿ. ಹಳೆಯ ಮದ್ರಾಸು ರಸ್ತೆಯ ಒಂದು ಬಸ್ ನಿಲ್ದಾಣವಿರಬೇಕು ಎಂಬ ಉತ್ತರ ಬರುತ್ತದೆ. ಸರ್ಕಾರದ ಸಂಬಳ ಪಡೆದು ಕೆರೆ ಕಟ್ಟಿಸಿದ ದೊರೆ ನೆನಪಿನಲ್ಲಿದ್ದಾನೆ. ಸ್ವಂತ ಗಂಟಿನಿಂದ ಕಟ್ಟಿಸಿದ ವರ್ತಕ ಮರೆತುಹೋಗಿದ್ದಾನೆ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆಯೇ ಹೊರತು ಇಲ್ಲಿಗೆ ಮುಗಿಯುವುದಿಲ್ಲ.

ಮಲ್ಲಪ್ಪ ಶೆಟ್ಟರು ಹತ್ತೊಂಬತ್ತನೆಯ ಶತಮಾನದ ಬೆಂಗಳೂರಿನ ವೀಳ್ಯದೆಲೆ ವರ್ತಕರು. ವ್ಯಾಪಾರವೇ ಹೆಸರಿಗೆ ಅಂಟಿ 'ಎಲೆ' ಮಲ್ಲಪ್ಪ ಶೆಟ್ಟರಾದರು. ವೀಳ್ಯದೆಲೆಯ ವ್ಯಾಪಾರ ಚಿನ್ನದ ವ್ಯಾಪಾರದಂತಲ್ಲ. ಇಂದು ಕಟ್ಟಿದ ಎಲೆ ನಾಲ್ಕು ದಿನಕ್ಕೆ ಹಳದಿಯಾಗುತ್ತದೆ, ಮತ್ತೆರಡು ದಿನಕ್ಕೆ ಕೊಳೆಯುತ್ತದೆ. ಬಳ್ಳಿಗೆ ನೀರು ತಪ್ಪಿದರೆ ತೋಟವೇ ಹೋಯಿತು. ಅಂಥ ಸರಕಿನಿಂದ ಐಶ್ವರ್ಯ ಗಳಿಸಿದವನಿಗೆ ನೀರಿನ ಬೆಲೆ ಗೊತ್ತಿಲ್ಲದಿರುತ್ತದೆಯೆ? ಗಳಿಸಿದ್ದನ್ನು ಕೃಷ್ಣರಾಜಪುರದಾಚೆ, ಆವಲಹಳ್ಳಿಯ ಬಳಿ ಒಂದು ಕೆರೆಗೆ ಸುರಿದರು. ಇಂದಿಗೂ ಬೆಂಗಳೂರಿನ ದೊಡ್ಡ ಕೆರೆಗಳಲ್ಲಿ ಅದೊಂದು.

ಅದು ಎಂಥ ಕಾಲ? 1876ರಿಂದ 1878ರವರೆಗಿನ ಬರದಲ್ಲಿ ಮೈಸೂರು ಸೀಮೆ ಹೆಣಗಳ ಬೀಡಾಯಿತು. 1871ರಲ್ಲಿ ಐವತ್ತು ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ ನಲವತ್ತೆರಡು ಲಕ್ಷವನ್ನೂ ಮುಟ್ಟಲಿಲ್ಲ. ಅದೇ 1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದರು. ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಮೊದಲ ಸಭೆಗೆ ಬಂದವರು 144 ಮಂದಿ, ಬಹುಪಾಲು ಜಮೀನುದಾರರು ಮತ್ತು ವರ್ತಕರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಅಹವಾಲು ಹೇಳಿಕೊಳ್ಳಬಹುದಿತ್ತು, ಅಷ್ಟೆ. ಹಣವಂತನಿಗೆ ರಾಜಕೀಯದ ಬಾಗಿಲು ತೆರೆದದ್ದು ಆಗ. ಆ ಬಾಗಿಲಿನಿಂದ ಈಚೆಗೆ ಯಾರು ಯಾರು ಒಳಗೆ ಹೋದರು, ಏನೇನು ಹೊತ್ತು ಹೊರಗೆ ಬಂದರು ಎಂಬುದು ವಾಚಕರಿಗೆ ತಿಳಿಯದ ವಿಷಯವಲ್ಲ.

ಪ್ರಗತಿಪರರೆನಿಸಿಕೊಂಡ ಕೆಲವರು ನನ್ನೊಡನೆ ವಾದಿಸುತ್ತಾರೆ: "ಶೆಟ್ಟರು ಪರಕೀಯರ ಆಳ್ವಿಕೆಯಲ್ಲಿ ಹಣ ಮಾಡಿದವರು, 'ರಾವ್ ಬಹದ್ದೂರ್' ಬಿರುದು ಹೊತ್ತವರು. ಇಂಥವರನ್ನು ಸ್ಮರಿಸುವುದು ಗುಲಾಮಗಿರಿಯ ಸ್ಮರಣೆಯಲ್ಲವೆ?" ಬಿರುದಿಗೆ ನಾನು ಕೈಮುಗಿಯುವವನಲ್ಲ. ವ್ಯಾಪಾರದ ಲಾಭವೆಲ್ಲ ಪುಣ್ಯದ ಹಣ ಎಂದೂ ನಾನು ನಂಬುವುದಿಲ್ಲ. ಎಲೆ ಬೆಳೆದ ರೈತನಿಗೆ ಸಿಕ್ಕಿದ್ದಕ್ಕಿಂತ ಮಾರಿದವನಿಗೆ ಹೆಚ್ಚು ದಕ್ಕಿದ್ದರಿಂದಲೇ ಶೆಟ್ಟರು ಶ್ರೀಮಂತರಾದದ್ದು. ಆದರೆ ವರ್ತಕನ ಬಾಳಿನ ಲೆಕ್ಕ ನೋಡುವಾಗ ಜಮೆಯ ಪುಟವನ್ನು ಮಾತ್ರ ಓದಿ ಖರ್ಚಿನ ಪುಟವನ್ನು ಮುಚ್ಚಿಬಿಡುವುದು ಯಾವ ನ್ಯಾಯ? ಬಿರುದು ಅವರೊಡನೆ ಹೋಯಿತು. ಕೆರೆ ಉಳಿದಿದೆ.

ಇನ್ನು ಕೆಲವರದು ಬೇರೆ ದಾರಿ. ಹಾರ ಹಾಕೋಣ, ವೃತ್ತಕ್ಕೆ ಹೆಸರಿಡೋಣ, ಪ್ರತಿಮೆ ನಿಲ್ಲಿಸೋಣ ಎನ್ನುತ್ತಾರೆ. ಮೊದಲನೆಯವರಿಗಿಂತ ಇವರನ್ನು ಕಂಡರೆ ನನಗೆ ಹೆಚ್ಚು ಭಯ. ಕಾರಣ ಹೇಳುತ್ತೇನೆ.

ನಾನಿರುವುದು ಆರ್.ಟಿ. ನಗರದಲ್ಲಿ. ರವೀಂದ್ರನಾಥ ಠಾಗೂರರ ಹೆಸರನ್ನು ಎರಡು ಅಕ್ಷರಕ್ಕೆ ಇಳಿಸಿದ ಬಡಾವಣೆ. ಹೆಸರಿಡುವುದರಿಂದ ಸ್ಮರಣೆ ಉಳಿಯುತ್ತದೆ ಎನ್ನುವವರು ಇಲ್ಲಿಗೊಮ್ಮೆ ಬರಲಿ. ಇಲ್ಲಿನ ಚರಂಡಿಯ ನೀರು ಹೆಬ್ಬಾಳ ಕಣಿವೆಯನ್ನು ಸೇರುತ್ತದೆ. ಹೆಬ್ಬಾಳ, ನಾಗವಾರ, ಕಲ್ಕೆರೆ, ರಾಂಪುರ ಎಂದು ಒಂದರ ಕೋಡಿ ಇನ್ನೊಂದಕ್ಕೆ ಹರಿದು, ಯಲಹಂಕ ಜಕ್ಕೂರುಗಳ ಕಡೆಯ ನೀರೂ ಸೇರಿ, ಎಲ್ಲವೂ ಎಲೆ ಮಲ್ಲಪ್ಪ ಶೆಟ್ಟರ ಕೆರೆಗೆ ಬೀಳುತ್ತದೆ. ಅಲ್ಲಿಂದ ಮುಂದೆ ದಕ್ಷಿಣ ಪಿನಾಕಿನಿ. ಹಿಂದೆ ಈ ದಾರಿಯಲ್ಲಿ ಹರಿದದ್ದು ಮಳೆಯ ನೀರು. ಈಗ ಹರಿಯುವುದು ನಮ್ಮ ಮನೆಗಳ ಕೊಳಕು. ಅಂದರೆ ಉತ್ತರ ಬೆಂಗಳೂರಿನ ನಾವು ಆ ಮಹಾನುಭಾವರನ್ನು ದಿನವೂ ಸ್ಮರಿಸುತ್ತಲೇ ಇದ್ದೇವೆ. ಸ್ಮರಣೆಯ ಕಾಣಿಕೆ ಬಚ್ಚಲಿನ ಮೂಲಕ ಹೋಗುತ್ತಿದೆ!

ಆ ವರ್ತಕ ಗಳಿಸಿದ ಹಣವನ್ನು ಕೆರೆಯೊಳಗೆ ಹೂತರು. ನಮ್ಮ ಕಾಲದ ವರ್ತಕ-ರಾಜಕಾರಣಿ ಕೆರೆಯನ್ನು ಹೂತು ಹಣ ಗಳಿಸುತ್ತಾನೆ. ರಾಜಕಾಲುವೆಯ ಮೇಲೆ ನಿವೇಶನ ಎಬ್ಬಿಸಿ ಮಾರುತ್ತಾನೆ. ಬಂದ ಲಾಭದಲ್ಲಿ ಚುನಾವಣೆಗೆ ನಿಲ್ಲುತ್ತಾನೆ. ಗೆದ್ದ ಮೇಲೆ ಒತ್ತುವರಿಯನ್ನು ಸಕ್ರಮಗೊಳಿಸಲು ಓಡಾಡುತ್ತಾನೆ. ಅವನೊಬ್ಬನನ್ನೇ ಬೈದು ನಾವು ಪಾರಾಗುವಂತಿಲ್ಲ. ಕಂತು ಕಟ್ಟಿ ನಿವೇಶನ ಕೊಂಡವರು, ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿದಾಗ ಸರ್ಕಾರವನ್ನು ಶಪಿಸುವವರು, ನಮ್ಮಂಥ ಮಧ್ಯಮ ವರ್ಗದವರೇ ಅಲ್ಲವೆ?

ಪರಿಹಾರವಿಲ್ಲವೆಂದಲ್ಲ. ಹೆಬ್ಬಾಳ-ನಾಗವಾರ ಕಣಿವೆಯ ಕೊಳೆನೀರನ್ನು ಶುದ್ಧಿಮಾಡಿ ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳಿಗೆ ಏರಿಸಿ ಕಳಿಸುವ ಯೋಜನೆಯನ್ನು ಸರ್ಕಾರವೇ ಮಾಡಿದೆ. ದೂರದ ಕೆರೆಗೆ ಸಲ್ಲುವ ಶುದ್ಧಿಯನ್ನು ಕಣಿವೆಯ ತುದಿಯಲ್ಲೇ ಇರುವ ಕೆರೆಗೆ ಪೂರ್ತಿಯಾಗಿ ಸಲ್ಲಿಸಲು ಏನಡ್ಡಿ? 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದ ಮೇಲೆ ಹೆಬ್ಬಾಳ ಒಂದಕ್ಕೆ, ಕೃಷ್ಣರಾಜಪುರ ಇನ್ನೊಂದಕ್ಕೆ ಸೇರಿದೆ. ಹೊಲಸು ನಿಮ್ಮದು, ಕೆರೆ ನಮ್ಮದಲ್ಲ ಎಂದು ಇಬ್ಬರೂ ಕೈತೊಳೆದುಕೊಳ್ಳಲು ಇದಕ್ಕಿಂತ ಅನುಕೂಲ ಬೇಕೆ? ನೀರು ಮಾತ್ರ ಪಾಲಿಕೆಯ ಗಡಿಯನ್ನು ಓದಲಾರದು.

ಆದ್ದರಿಂದ ಮತ ಕೇಳಲು ಬಾಗಿಲಿಗೆ ಬಂದವರನ್ನು ನಾನು ಕೇಳುವ ಪ್ರಶ್ನೆ ಒಂದೇ: "ಸ್ವಾಮಿ, ಈ ಬೀದಿಯ ಕೊಳೆನೀರು ಎಲ್ಲಿಗೆ ಹೋಗುತ್ತದೆ, ಹೋಗುವ ಮುನ್ನ ಅದನ್ನು ಯಾರು ಶುದ್ಧಿ ಮಾಡುತ್ತಾರೆ?" ವಾಚಕರೂ ಇದನ್ನು ಕೇಳಲಿ. ಉತ್ತರ ಸಿಗುವವರೆಗೆ ಶೆಟ್ಟರಿಗೆ ಹಾರವೂ ಬೇಡ, ಪ್ರತಿಮೆಯೂ ಬೇಡ.