ಸಂಖ್ಯೆಗಳ ಕೊರಳಹಾರ

ಗದಗ, ನಯನ, ಕನಕ: ಈ ಪದಗಳನ್ನು ಹಿಂದಿನಿಂದ ಓದಿದರೂ ರೂಪ ಕೆಡುವುದಿಲ್ಲ. ‘ವಿಕಟಕವಿ’ಯೂ ಇದೇ ಕುಲದವನು. ಅಕ್ಷರಗಳಿಗಿರುವ ಈ ವಿನೋದ ಅಂಕಿಗಳಿಗೆ ಇಲ್ಲವೆ? ಉಂಟು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇಂತಹ ಗುಣಲಬ್ಧಗಳನ್ನು ಕೊರಳಹಾರಕ್ಕೆ ಹೋಲಿಸಿದನು. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಏಕಾವಳಿ!

ಗುಣಿಸಿ ತಾಳೆ ನೋಡುವುದು ಮಗ್ಗಿ ಬಲ್ಲವರಿಗೆಲ್ಲ ಸಾಧ್ಯ. ‘ಹೀಗೇಕೆ?’ ಎಂದು ಕೇಳುವ ಮಗುವೇ ಜಾಣ. ಆ ಮಗುವನ್ನು ‘ಸುಮ್ಮನೆ ಲೆಕ್ಕ ಮಾಡು’ ಎಂದು ಗದರಿದ ಮನೆಯಲ್ಲಿ ಗಣಿತವು ಹಾರವಾಗದು, ಹೊರೆಯಾದೀತು. ಗುಟ್ಟು ಇಷ್ಟೆ: 137ನ್ನು 73ರಿಂದ ಗುಣಿಸಿದರೆ 10001. 152207 ಎಂಬುದು 137ರ 1111 ಮಡಿ. 1111ನ್ನು 10001ರಿಂದ ಗುಣಿಸುವುದೆಂದರೆ ಅದನ್ನೇ ಎರಡು ಬಾರಿ ಪಕ್ಕಪಕ್ಕದಲ್ಲಿ ಬರೆದಂತೆ!

ಈ ವಾರದ ಸಮಸ್ಯೆ: ಆಚಾರ್ಯನ ಇನ್ನೊಂದು ಹಾರದಲ್ಲಿ 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಒಂಬತ್ತು ಐದುಗಳ ಹಾರ ಬೇಕಾದರೆ ಯಾವುದರಿಂದ ಗುಣಿಸಬೇಕು?

(ಉತ್ತರ: 45. ಒಂದೊಂದು ಮಣಿಯೂ ಐದು ಮಡಿಯಾಗಬೇಕು. ಆದುದರಿಂದ 9ರ ಐದರಷ್ಟು.)